ಮಿನಿಮಮ್ ಡ್ಯೂ ಕಟ್ಟಿದ್ದೇನಲ್ಲ, ಮತ್ತೆ ಬಡ್ಡಿ ಯಾಕೆ?

ಪ್ರಶ್ನೆ: ಕ್ರೆಡಿಟ್ ಕಾರ್ಡಿನ ಮಿನಿಮಮ್ ಡ್ಯೂ (ಬಿಲ್ಲಿನಲ್ಲಿ ಕನಿಷ್ಠ ಇಷ್ಟಾದರೂ ಕಟ್ಟಿ ಅಂತ ಹೇಳುವ ಮೊತ್ತ) ಪ್ರತಿ ತಿಂಗಳೂ ತಪ್ಪದೆ ಕಟ್ಟುತ್ತಿದ್ದೇನೆ. ಆದರೂ ಬಿಲ್ಲಿನಲ್ಲಿ ಬಡ್ಡಿ ಸೇರಿಸಿದ್ದಾರೆ. ಇದು ಬ್ಯಾಂಕಿನ ತಪ್ಪು ತಾನೆ?

ಉತ್ತರ: ಅಲ್ಲ.

ಇಷ್ಟಕ್ಕೇ ನಿಲ್ಲಿಸುವ ಆಸೆ ಇತ್ತು. ಆದರೆ ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ‘ಕೊನೇ ದಿನಕ್ಕಿಂತ ಮೊದಲೇ ಕಟ್ಟಿದ್ದೆ’ ಅನ್ನುತ್ತಾರೆ ಒಬ್ಬರು. ‘ಲೇಟ್ ಫೀ ಹಾಕಿಲ್ಲ, ಬಡ್ಡಿ ಮಾತ್ರ ಹಾಕಿದ್ದಾರೆ, ಇದೆಂಥ ನ್ಯಾಯ’ ಅನ್ನುತ್ತಾರೆ ಇನ್ನೊಬ್ಬರು. ಆದ್ದರಿಂದ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ. ಮನೆಯಲ್ಲಿ ಕಾರ್ಡ್ ಇಟ್ಟುಕೊಂಡವರಿಗೆಲ್ಲ ಓದಿ ಹೇಳಿ.

ಮಿನಿಮಮ್ ಕಟ್ಟಿದರೆ ಸಿಗುವುದು ಇಷ್ಟು: ಲೇಟ್ ಫೀ ಬೀಳುವುದಿಲ್ಲ, ಸುಸ್ತಿದಾರರ ಲೆಕ್ಕಕ್ಕೆ ಸೇರುವುದಿಲ್ಲ, ಕಾರ್ಡ್ ಓಡುತ್ತಿರುತ್ತದೆ. ಬಡ್ಡಿ ಮನ್ನಾ ಆಗುತ್ತದೆ ಅಂತ ಯಾವ ಬ್ಯಾಂಕೂ ಹೇಳಿಲ್ಲ. ಹಾಗಂದುಕೊಂಡವರು ನಾವೇ. ಯಾಕೆ ಅಂದರೆ ಮಿನಿಮಮ್ ಕಟ್ಟಿದ ತಿಂಗಳು ಯಾರೂ ಫೋನ್ ಮಾಡಿ ಗದರಿಸುವುದಿಲ್ಲ. ಗದರಿಸಲಿಲ್ಲ ಅಂದಮೇಲೆ ಎಲ್ಲ ಸರಿಯಿದೆ ಅನ್ನಿಸುತ್ತದೆ, ಅಲ್ವಾ? ಬ್ಯಾಂಕ್ ಯಾಕೆ ಗದರಿಸುತ್ತದೆ ಹೇಳಿ? ಅದರ ಸಂಪಾದನೆ ನಡೆಯುತ್ತಿರುವುದೇ ನಿಮ್ಮಿಂದ.

ಒಂದು ಲೆಕ್ಕ ಮಾಡೋಣ. ಬಿಲ್ 10,000. ತಿಂಗಳಿಗೆ ಬಡ್ಡಿ ಶೇ. 3, ಮಿನಿಮಮ್ ಡ್ಯೂ ಬಾಕಿಯ ಶೇ. 5 ಅಂತಿಟ್ಟುಕೊಳ್ಳಿ. (ಬ್ಯಾಂಕಿನಿಂದ ಬ್ಯಾಂಕಿಗೆ ಇವು ಬದಲಾಗುತ್ತವೆ. ನಿಮ್ಮದು ಎಷ್ಟು ಅಂತ ಬಿಲ್ಲಿನಲ್ಲೇ ಇರುತ್ತದೆ.) ನೀವು 500 ಕಟ್ಟಿದಿರಿ. ಉಳಿದದ್ದು 9,500. ಅದಕ್ಕೆ 285 ಬಡ್ಡಿ ಸೇರಿ ಮತ್ತೆ 9,785 ಆಯಿತು. ಕೈಯಿಂದ ಹೋಗಿದ್ದು 500, ಸಾಲ ಇಳಿದಿದ್ದು 215. ಹೊಸದಾಗಿ ಏನೂ ಕೊಳ್ಳದೆ ಒಂದು ವರ್ಷ ಹೀಗೇ ಕಟ್ಟುತ್ತಾ ಹೋದರೆ ನೀವು ಕೊಟ್ಟದ್ದು ಸುಮಾರು 5,340. ಅದರಲ್ಲಿ 3,040ರಷ್ಟು ಬಡ್ಡಿಗೇ ಹೋಯಿತು. ಇನ್ನೂ 7,700 ಬಾಕಿ ಇದೆ! ಸಾಲ ಅರ್ಧಕ್ಕೆ ಇಳಿಯಲು ಎರಡೂವರೆ ವರ್ಷ ದಾಟುತ್ತದೆ. ತಿಂಗಳಿಗೆ ಶೇ. 3 ಅಂದರೆ ವರ್ಷಕ್ಕೆ ಶೇ. 36 ಅಂತ ಗುಣಿಸಬೇಡಿ. ಬಡ್ಡಿಗೆ ಬಡ್ಡಿ ಸೇರಿ ಅದು ಶೇ. 42 ದಾಟುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. ಬಿಲ್ ಪೂರ್ತಿ ಕಟ್ಟುವವರಿಗೆ ಕೊಂಡ ದಿನದಿಂದ ಕಟ್ಟುವ ಕೊನೇ ದಿನದವರೆಗೆ ಬಡ್ಡಿ ಇಲ್ಲ. ಸ್ವಲ್ಪ ಬಾಕಿ ಉಳಿಸಿದಿರೋ, ಬಹುತೇಕ ಕಾರ್ಡುಗಳಲ್ಲಿ ಈ ಸವಲತ್ತು ಹೋಗುತ್ತದೆ. ಆಮೇಲೆ ಹೊಸದಾಗಿ ಏನು ಕೊಂಡರೂ ಆ ದಿನದಿಂದಲೇ ಬಡ್ಡಿ ಓಡುತ್ತದೆ. ‘ಹಳೇ ಬಾಕಿಗೆ ಬಡ್ಡಿ ಸರಿ, ನಿನ್ನೆ ಕೊಂಡದ್ದಕ್ಕೂ ಯಾಕೆ’ ಅಂತ ಕೇಳುವವರಿಗೆ ಇದೇ ಉತ್ತರ. ಇನ್ನೂ ಒಂದು ತಮಾಷೆ. ಬಾಕಿ ಎಲ್ಲ ತೀರಿಸಿದ ಮೇಲೂ ಮುಂದಿನ ಬಿಲ್ಲಿನಲ್ಲಿ ಚಿಲ್ಲರೆ ಬಡ್ಡಿ ಕಾಣಿಸಬಹುದು. ಅದು ಬಿಲ್ ಬಂದ ದಿನದಿಂದ ನೀವು ಹಣ ಕಟ್ಟಿದ ದಿನದವರೆಗಿನದು. ಕಟ್ಟಿಬಿಡಿ, ಅಲ್ಲಿಗೆ ಮುಗಿಯುತ್ತದೆ.

ಈಗ ನಿಮ್ಮ ಫೋನ್ ತೆಗೆದು ಆಟೋ ಪೇ ಸೆಟ್ಟಿಂಗ್ ನೋಡಿ. ಅಲ್ಲಿ ಸಾಮಾನ್ಯವಾಗಿ ಎರಡು ಆಯ್ಕೆ ಇರುತ್ತವೆ: ಟೋಟಲ್ ಡ್ಯೂ, ಮಿನಿಮಮ್ ಡ್ಯೂ. ಅವಸರದಲ್ಲಿ ಎರಡನೆಯದನ್ನು ಒತ್ತಿ ವರ್ಷಗಟ್ಟಲೆ ಮರೆತವರನ್ನು ನಾನು ಬಲ್ಲೆ. ಅವರಲ್ಲಿ ಒಬ್ಬರು ಲೆಕ್ಕದ ಮೇಷ್ಟರು.

ಪೂರ್ತಿ ಕಟ್ಟಲು ಆಗದ ತಿಂಗಳು ಬರುತ್ತದೆ, ಅದೇನೂ ಅಪರಾಧ ಅಲ್ಲ. ಆದಷ್ಟು ಜಾಸ್ತಿ ಕಟ್ಟಿ. ಬಾಕಿ ತೀರುವವರೆಗೆ ಆ ಕಾರ್ಡನ್ನು ಬೀರುವಿನಲ್ಲಿಡಿ. ಎಟಿಎಂನಲ್ಲಂತೂ ಹಾಕಲೇಬೇಡಿ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಸಾಮಾನ್ಯವಾಗಿ ಶುಲ್ಕ ಬೇರೆ, ಬಡ್ಡಿ ಅವತ್ತಿನಿಂದಲೇ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ‘ಫೋನ್ ಮಾಡಿದವನು ನನ್ನ ಕಾರ್ಡಿನ ಮೊದಲ ನಾಲ್ಕು ಅಂಕಿ ಸರಿಯಾಗಿ ಹೇಳಿದ, ಅದಕ್ಕೇ ಬ್ಯಾಂಕಿನವನು ಅಂತ ನಂಬಿದೆ’ ಅನ್ನುವ ಮಾತನ್ನೂ ಬಹಳ ಸಲ ಕೇಳಿದ್ದೇನೆ. ಆ ಅಂಕಿಗಳಲ್ಲಿ ಗುಟ್ಟು ಏನೂ ಇಲ್ಲ. ವೀಸಾ ಕಾರ್ಡುಗಳೆಲ್ಲ 4ರಿಂದಲೇ ಶುರುವಾಗುತ್ತವೆ. ಮೊದಲ ಆರು ಅಥವಾ ಎಂಟು ಅಂಕಿ ಕಾರ್ಡ್ ಕೊಟ್ಟ ಬ್ಯಾಂಕಿನ ಗುರುತು. ಅದೇ ಬ್ಯಾಂಕಿನ ಅದೇ ಬಗೆಯ ಸಾವಿರಾರು ಕಾರ್ಡುಗಳ ಮೇಲೆ ಅವೇ ಇರುತ್ತವೆ. ಮೊದಲ ನಾಲ್ಕು ಹೇಳಿ ನಂಬಿಸಿ, ಆಮೇಲೆ ಸಿವಿವಿ (ಕಾರ್ಡಿನ ಮೇಲಿರುವ ಗುಟ್ಟಿನ ಅಂಕಿ), ಒಟಿಪಿ ಕೇಳುವುದು ಹಳೇ ಆಟ. ಫೋನ್ ಇಡಿ. ಅನುಮಾನ ಇದ್ದರೆ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ನೀವೇ ಕರೆ ಮಾಡಿ.

ಕಾರ್ಡ್ ನಂಬರಿನ ಕೊನೆಯ ಅಂಕಿಯ ಕತೆ ಇನ್ನೂ ಚೆನ್ನಾಗಿದೆ. ಅದು ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಬರೆದದ್ದು. ಕಂಪ್ಯೂಟರ್ ಕಂಪನಿ ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ ಈ ಲೆಕ್ಕಕ್ಕೆ 1954ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 1960ರಲ್ಲಿ ಸಿಕ್ಕಿತು. ನಂಬರ್ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೂ ವೆಬ್‌ಸೈಟ್ ತಕ್ಷಣ ಕೆಂಪಾಗುವುದು ಇದರಿಂದಲೇ. ಪಕ್ಕಪಕ್ಕದ ಅಂಕಿಗಳು ಅದಲುಬದಲಾದರೂ ಸಿಕ್ಕಿಬೀಳುತ್ತವೆ. 09 ಹೋಗಿ 90 ಆದರೆ, ಇಲ್ಲವೇ 90 ಹೋಗಿ 09 ಆದರೆ ಮಾತ್ರ ತಪ್ಪಿಸಿಕೊಳ್ಳುತ್ತವೆ.