ಗೆದ್ದ ಕಾರಿಗೇ ಭಾರ ಹೇರುವುದೇಕೆ?

ಓದುಗರ ಪ್ರಶ್ನೆ: ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್‌ನಲ್ಲಿ ಗೆದ್ದವರ ಕಾರಿಗೆ ಹೆಚ್ಚುವರಿ ತೂಕ ಹೇರುತ್ತಿದ್ದರಂತೆ. ಚೆನ್ನಾಗಿ ಓಡಿಸಿದವರನ್ನೇ ದಂಡಿಸುವ ಇಂಥ ನಿಯಮ ನ್ಯಾಯವೇ?

ಉತ್ತರ: 1958ರಲ್ಲಿ ಆರಂಭವಾದ ಈ ಸರಣಿಯ ಕಾರುಗಳು ರೇಸಿಗೆಂದೇ ಹುಟ್ಟಿದವಲ್ಲ, ಹೋಂಡಾ ಸಿವಿಕ್, ಬಿಎಂಡಬ್ಲ್ಯು 3 ಸೀರೀಸ್‌ನಂಥ ರಸ್ತೆಯ ಮಾದರಿಗಳನ್ನು ರೇಸಿಗೆ ತಕ್ಕಂತೆ ಮರುನಿರ್ಮಿಸಿದವು. ಒಂದರಲ್ಲಿ ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ಹೋದರೆ ಇನ್ನೊಂದರಲ್ಲಿ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಇವುಗಳ ನಡುವೆ ಸಹಜವಾಗಿಯೇ ಇರುವ ವ್ಯತ್ಯಾಸವನ್ನು ಹಾಗೆಯೇ ಬಿಟ್ಟರೆ, ಹೆಚ್ಚು ಹಣ ಸುರಿದ ತಂಡವೊಂದು ಋತುವಿನ ನಡುವಿನಲ್ಲೇ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡು, ಉಳಿದ ರೇಸ್‌ಗಳು ಬರೀ ಔಪಚಾರಿಕವಾಗುವ ಅಪಾಯವಿದೆ. ಭಾರ ಹೇರುವ ನಿಯಮ ಹುಟ್ಟಿದ್ದು ಇದನ್ನು ತಡೆಯಲೆಂದೇ.

ಋತುವೊಂದರಲ್ಲಿ ಸಾಮಾನ್ಯವಾಗಿ ಹತ್ತು ವಾರಾಂತ್ಯಗಳು, ಪ್ರತಿ ವಾರಾಂತ್ಯಕ್ಕೆ ಮೂರರಂತೆ 30 ರೇಸ್‌ಗಳು. 2021ರವರೆಗೆ ಜಾರಿಯಲ್ಲಿದ್ದ ಪದ್ಧತಿಯಲ್ಲಿ ಮೊದಲ ರೇಸಿನ ತೂಕವನ್ನು ಅಂಕಪಟ್ಟಿ ನಿರ್ಧರಿಸುತ್ತಿತ್ತು. ಎರಡನೆಯದರ ತೂಕವನ್ನು ಮೊದಲ ರೇಸಿನ ಫಲಿತಾಂಶ, ಮೂರನೆಯದರದ್ದನ್ನು ಎರಡನೆಯದರ ಫಲಿತಾಂಶ. ಹೀಗಾಗಿ ಬೆಳಿಗ್ಗೆ ಗೆದ್ದವರು ಮಧ್ಯಾಹ್ನ ಅತ್ಯಂತ ಭಾರದ ಕಾರಿನಲ್ಲಿ ಕೂರಬೇಕಾಗುತ್ತಿತ್ತು. ಕೆಲವು ವರ್ಷಗಳಲ್ಲಿ ಈ ಭಾರ 75 ಕೆ.ಜಿ.ವರೆಗೂ ಇತ್ತು.

ಸುಮಾರು 1,300 ಕೆ.ಜಿ.ಯ ಕಾರಿಗೆ 75 ಕೆ.ಜಿ. ಏನು ಮಹಾ ಎನ್ನಿಸಬಹುದು. ನೇರ ರಸ್ತೆಯಲ್ಲಿ ಪೂರ್ಣ ವೇಗದಲ್ಲಿರುವಾಗ ಅದು ಅಷ್ಟಾಗಿ ತೊಡಕಾಗುವುದಿಲ್ಲ. ಆದರೆ ತಿರುವಿಗೆ ಮುನ್ನ ಬ್ರೇಕನ್ನು ತುಸು ಮೊದಲೇ ಒತ್ತಬೇಕು. ತಿರುವಿನಿಂದ ಹೊರಬರುವಾಗ ವೇಗ ನಿಧಾನವಾಗಿ ಏರುತ್ತದೆ. ಎಲ್ಲಕ್ಕಿಂತ ಹೆಚ್ಚು ಬಳಲುವುದು ಟೈರ್. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು ಹೊರೆ ಹೊರುವುದು ಎಲ್ಲವೂ ಮುಂದಿನ ಎರಡು ಟೈರ್‌ಗಳ ಪಾಲಿಗೇ ಬರುವುದರಿಂದ, ಆರಂಭದ ಸುತ್ತುಗಳಲ್ಲಿ ದುಡುಕಿದ ಚಾಲಕರಿಗೆ ಕೊನೆಯ ಸುತ್ತುಗಳ ಹೊತ್ತಿಗೆ ಹಿಡಿತವೇ ಉಳಿದಿರುವುದಿಲ್ಲ.

ಇಷ್ಟಾದರೂ ಇದನ್ನು ದಂಡನೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೊದಲ ಸ್ಥಾನಕ್ಕೆ 20 ಅಂಕ, ಆರನೆಯದಕ್ಕೆ 10, ಹದಿನೈದನೆಯದಕ್ಕೂ 1 ಅಂಕವಿದೆ. ಅಂದರೆ ಭಾರ ಹೊತ್ತು ಎರಡು ಬಾರಿ ಆರನೆಯವರಾದರೆ ಒಂದು ಗೆಲುವಿಗೆ ಸಮ. ಹಗುರವಾದ ಕಾರಿನಲ್ಲಿ ಗೆಲ್ಲಬಲ್ಲವರು ಹಲವರಿರುತ್ತಾರೆ. ಭಾರವಾದ ಕಾರನ್ನು ಯಾರಿಗೂ ತಗುಲಿಸದೆ, ಟೈರ್ ಉಳಿಸಿಕೊಂಡು ಮೊದಲ ಹತ್ತರೊಳಗೆ ತಂದು ನಿಲ್ಲಿಸಬಲ್ಲವರು ಕೆಲವರೇ, ಮತ್ತು ಪ್ರಶಸ್ತಿ ಸಾಮಾನ್ಯವಾಗಿ ಹೋಗುವುದು ಅವರಿಗೇ. 2019ರಲ್ಲಿ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ ನಡೆದ ಋತುವಿನ ಕೊನೆಯ ರೇಸಿನಲ್ಲಿ, ಪ್ರಶಸ್ತಿ ಬಹುತೇಕ ಕೈಗೆ ಬಂದಿದ್ದ ಡ್ಯಾನ್ ಕ್ಯಾಮಿಶ್ ಅವರ ಹೋಂಡಾ, ಮುಕ್ತಾಯಕ್ಕೆ ಎರಡು ಸುತ್ತೂ ಉಳಿಯದಿದ್ದಾಗ ಬ್ರೇಕ್ ಕೈಕೊಟ್ಟು ಹಾಥಾರ್ನ್ ತಿರುವಿನಲ್ಲಿ ತಡೆಗೋಡೆಗೆ ಅಪ್ಪಳಿಸಿತು. ಸಾಲಿನ ಬಹಳ ಹಿಂದಿನಿಂದ ಹೊರಟು ಆರನೆಯವರಾಗಿ ಮುಗಿಸಿದ ಕಾಲಿನ್ ಟರ್ಕಿಂಗ್ಟನ್, ಕೇವಲ ಎರಡು ಅಂಕಗಳ ಅಂತರದಿಂದ ತಮ್ಮ ನಾಲ್ಕನೇ ಪ್ರಶಸ್ತಿ ಪಡೆದರು. ಇಂಥ ಲೆಕ್ಕಾಚಾರದಲ್ಲಿ, ತಿಂಗಳುಗಳ ಹಿಂದೆ ಹನ್ನೊಂದನೇ ಸ್ಥಾನದಲ್ಲಿ ಗಳಿಸಿದ 5 ಅಂಕವೂ ನಿರ್ಣಾಯಕವಾಗುತ್ತದೆ.

2022ರಲ್ಲಿ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರನ್ನೂ ಬಳಸುವ ಹೈಬ್ರಿಡ್ ವ್ಯವಸ್ಥೆ ಬಂದಾಗ ಭಾರದ ಪದ್ಧತಿ ಹೋಯಿತು. ಅದರ ಬದಲು, ಸುತ್ತಿಗೆ ಗರಿಷ್ಠ 15 ಸೆಕೆಂಡು ಬಳಸಬಹುದಾಗಿದ್ದ ವಿದ್ಯುತ್ ಬಲವನ್ನು ಅಂಕಪಟ್ಟಿಯ ಮೇಲ್ತುದಿಯಲ್ಲಿದ್ದವರಿಗೆ ಕಡಿತಗೊಳಿಸಲಾಯಿತು. ಸಾಧನ ಬದಲಾಯಿತೇ ಹೊರತು ಉದ್ದೇಶವಲ್ಲ.

ನಿಮ್ಮ ಆಕ್ಷೇಪ ನಿಜಕ್ಕೂ ಸಲ್ಲುವುದು ಇನ್ನೊಂದು ನಿಯಮಕ್ಕೆ. ಎರಡನೇ ರೇಸಿನಲ್ಲಿ ಮುಂದಿದ್ದ ಕೆಲವರ ಕ್ರಮವನ್ನು ತಿರುವುಮುರುವು ಮಾಡಿ ಮೂರನೇ ರೇಸನ್ನು ಆರಂಭಿಸುವ ಪದ್ಧತಿಯಿದೆ; ಎಷ್ಟು ಮಂದಿಯನ್ನು ತಿರುವು ಹಾಕಬೇಕೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ತೂಕ ಎಷ್ಟು ಬರುತ್ತದೆಂದು ತಂಡಕ್ಕೆ ಮೊದಲೇ ಗೊತ್ತಿರುತ್ತಿತ್ತು, ಅದಕ್ಕೆ ತಕ್ಕಂತೆ ಕಾರನ್ನು ಅಣಿಗೊಳಿಸಬಹುದಿತ್ತು. ಚೀಟಿಯಲ್ಲಿ ಬರುವ ಸಂಖ್ಯೆಗೆ ಯಾವ ತಂಡವೂ ಸಿದ್ಧತೆ ಮಾಡಿಕೊಳ್ಳಲಾರದು.