ಒಂದು ಹೆಂಚು ಒಡೆದರೆ ಚಾವಣಿಯನ್ನೇ ಇಳಿಸಬೇಕೇ?

ಹುಡುಕುವ ಪೆಟ್ಟಿಗೆಯಲ್ಲಿ ಅರ್ಧ ಪದ ಬರೆದಿರುತ್ತೀರಿ. ಅಷ್ಟರಲ್ಲಿ ಸುದ್ದಿತಾಣದ ಮುಖಪುಟ ತನ್ನಷ್ಟಕ್ಕೆ ತಾನೇ ಮರುಲೋಡ್ ಆಗುತ್ತದೆ. ಪರದೆ ಒಮ್ಮೆ ಬೆಳ್ಳಗಾಗುತ್ತದೆ, ಬರೆದದ್ದು ಅಳಿಸಿಹೋಗುತ್ತದೆ, ಓದುತ್ತಿದ್ದ ಜಾಗವೂ ಕೈತಪ್ಪುತ್ತದೆ. ಬದಲಾದದ್ದೇನು ಎಂದು ಹುಡುಕಿದರೆ, ಮೂಲೆಯ ಸ್ಕೋರು 212ರಿಂದ 213ಕ್ಕೆ ಏರಿದೆ, ಅಷ್ಟೇ. ಒಡೆದದ್ದು ಒಂದು ಹೆಂಚು, ಇಳಿಸಿದ್ದು ಇಡೀ ಚಾವಣಿ.

ಇದಕ್ಕೆ ಮದ್ದು ಕೇಳಿದರೆ ಸಿಗುವ ಉತ್ತರ ಬಹುತೇಕ ಒಂದೇ: ‘ಪುಟವನ್ನು ಸರ್ವರ್‌ನಲ್ಲಿ, ಅಂದರೆ ಅದನ್ನು ಕಳಿಸುವ ದೂರದ ಕಂಪ್ಯೂಟರಿನಲ್ಲಿ, ಕಟ್ಟುವುದು ಹಳೆಯ ಕಾಲದ ಮಾತು, ಬ್ರೌಸರಿನಲ್ಲೇ ಕಟ್ಟಿ.’ ಈ ನಂಬಿಕೆ ಎಷ್ಟು ಬೇರೂರಿದೆಯೆಂದರೆ, ಹೊಸದಾಗಿ ಕಲಿಯುವವರು ಅದನ್ನು ಪ್ರಶ್ನಿಸುವುದೇ ಇಲ್ಲ. ಸರ್ವರ್ ಜೇಸನ್ ಎಂಬ ಸರಳ ಪಠ್ಯರೂಪದಲ್ಲಿ ಬರಿಯ ಮಾಹಿತಿ ಕಳಿಸಬೇಕು, ಬ್ರೌಸರಿನೊಳಗಿನ ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಅದನ್ನು ಬಿಡಿಸಿ, ಅಚ್ಚಿಗೆ ಹಾಕಿ, ಪುಟವಾಗಿಸಬೇಕು ಎಂದು ಪಾಠ ಶುರುವಾಗುತ್ತದೆ. ಪುಟದ ಒಂದು ತುಂಡನ್ನು ಮಾತ್ರ ಬದಲಿಸುವುದಕ್ಕೆ ಇದ್ಯಾವುದೂ ಬೇಕಿಲ್ಲ. ತುಂಡನ್ನು ಸರ್ವರ್ ತಾನೇ ಬ್ರೌಸರ್ ನೇರವಾಗಿ ತೋರಿಸಬಲ್ಲ ಸಿದ್ಧ ಎಚ್‌ಟಿಎಂಎಲ್ ಆಗಿ ಕಳಿಸಬಹುದು.

ಸರ್ವರ್‌ನಲ್ಲಿ ಸ್ಕೋರುಫಲಕಕ್ಕೆಂದು ಒಂದು ಟೆಂಪ್ಲೇಟ್, ಅಂದರೆ ಮಾಹಿತಿ ತುಂಬಲು ಖಾಲಿ ಜಾಗಗಳಿರುವ ಅಚ್ಚು, ಇದೆ ಎನ್ನೋಣ. ಮುಖಪುಟವನ್ನು ಮೊದಲ ಬಾರಿ ಕೇಳಿದಾಗ ತಲೆಬರಹ, ಮುಖ್ಯ ಸುದ್ದಿ, ಸ್ಕೋರುಫಲಕ, ಅಡಿಬರಹಗಳ ಟೆಂಪ್ಲೇಟುಗಳನ್ನು ಸರ್ವರ್ ಸಾಲಾಗಿ ತುಂಬಿಸಿ, ಜೋಡಿಸಿ, ಪೂರ್ತಿ ಪುಟವಾಗಿ ಕಳಿಸುತ್ತದೆ. ಫಲಕದ ಟ್ಯಾಗ್‌ಗೆ, ಅಂದರೆ ಎಚ್‌ಟಿಎಂಎಲ್‌ನಲ್ಲಿ ಅದನ್ನು ಸುತ್ತುವರಿದ ಗುರುತಿಗೆ, ಐಡಿ ಎಂಬ ಒಂದು ಹೆಸರು ಕೊಟ್ಟಿರುತ್ತದೆ. ಮೂವತ್ತು ಸೆಕೆಂಡು ಕಳೆದ ಮೇಲೆ ಬ್ರೌಸರಿನಲ್ಲಿರುವ ಪುಟ್ಟ ಸ್ಕ್ರಿಪ್ಟ್ ಫಲಕವನ್ನಷ್ಟೇ ಕೇಳುತ್ತದೆ. ಸರ್ವರ್ ಅದೇ ಟೆಂಪ್ಲೇಟನ್ನು ಮತ್ತೆ ತುಂಬಿಸಿ, ಆ ತುಂಡನ್ನು ಮಾತ್ರ ಕಳಿಸುತ್ತದೆ. ಸ್ಕ್ರಿಪ್ಟ್ ಐಡಿ ನೋಡಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸುತ್ತದೆ. ಪುಸ್ತಕದ ಒಂದು ಸಾಲು ತಪ್ಪಾದಾಗ ಅಳತೆಗೆ ಸರಿಯಾದ ಚೀಟಿ ಮುದ್ರಿಸಿ ಅದೇ ಜಾಗಕ್ಕೆ ಅಂಟಿಸಿದಂತೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಹೆಂಚು ಒಡೆದಾಗ ಅದನ್ನು ಮೊದಲು ಒತ್ತಿದ್ದ ಅಚ್ಚಿನಲ್ಲೇ ಇನ್ನೊಂದು ಹೆಂಚು ಒತ್ತಿ ತಂದಂತೆ. ಮೊದಲ ಸಲಕ್ಕೂ ಮುಂದಿನ ಸಲಗಳಿಗೂ ಒಂದೇ ಅಚ್ಚು. ಇಡೀ ವಿಧಾನದ ಚೆಲುವು ನನಗೆ ಕಾಣುವುದು ಇಲ್ಲಿಯೇ.

ಅಚ್ಚು ಎರಡಾದರೆ ಏನಾಗುತ್ತದೆ? ‘ಅಳಿಸು’ ಗುಂಡಿ ಸಂಪಾದಕರಿಗೆ ಮಾತ್ರ ಕಾಣಬೇಕು ಎಂಬ ನಿಯಮವಿದೆ ಎನ್ನಿ. ಪುಟವನ್ನು ಬ್ರೌಸರಿನಲ್ಲಿ ಕಟ್ಟಿದರೆ ಈ ನಿಯಮವನ್ನು ಎರಡು ಕಡೆ ಬರೆಯಬೇಕು: ಗುಂಡಿ ತೋರಿಸಲು ಬ್ರೌಸರಿನಲ್ಲಿ, ಅಳಿಸಲು ಬಿಡಬೇಕೇ ಎಂದು ಪರೀಕ್ಷಿಸಲು ಸರ್ವರ್‌ನಲ್ಲಿ. ನಾಳೆ ನಿಯಮ ಬದಲಾದಾಗ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುತ್ತೇವೆ. ಬೇಸರ ಬರಿಸುವಷ್ಟು ಸಲ ಇದನ್ನು ನೋಡಿದ್ದೇನೆ.

ಬದಲಾದ ತುಂಡನ್ನಷ್ಟೇ ಕಳಿಸುವ ಈ ಯೋಚನೆ ಎಷ್ಟು ಹಳೆಯದೆಂದು ತಿಳಿದಾಗ ನನಗೆ ರೋಮಾಂಚನವಾಗಿತ್ತು. 1971ರಲ್ಲಿ ಐಬಿಎಂ ಕಂಪನಿ 3270 ಎಂಬ ಟರ್ಮಿನಲ್ (ದೂರದ ಕಂಪ್ಯೂಟರಿಗೆ ಜೋಡಿಸಿದ ಪರದೆ ಮತ್ತು ಕೀಲಿಮಣೆ) ಶ್ರೇಣಿಯನ್ನು ಹೊರತಂದಿತು. ಅದರಲ್ಲಿ ಹೆಸರಾದ ಪರದೆಯ ಅಳತೆ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1,920. ಮೇನ್‌ಫ್ರೇಮ್ ಎಂಬ ದೂರದ ದೊಡ್ಡ ಕಂಪ್ಯೂಟರಿನಿಂದ ನಿಧಾನದ ತಂತಿಯಲ್ಲಿ ಅಷ್ಟೂ ಅಕ್ಷರಗಳನ್ನು ಪ್ರತಿ ಬಾರಿ ಕಳಿಸುವುದು ದುಬಾರಿ. ಹಾಗಾಗಿ ‘ಪರದೆಯ ಇಂತಿಂಥ ಸ್ಥಾನಕ್ಕೆ ಹೋಗು, ಅಲ್ಲಿ ಇದನ್ನು ಬರೆ’ ಎಂದು ಆಜ್ಞೆ ಕೊಡುವ ವ್ಯವಸ್ಥೆಯಿತ್ತು. ಉಳಿದದ್ದು ಇದ್ದಂತೆಯೇ ಇರುತ್ತಿತ್ತು. ಮರುದಾರಿಯಲ್ಲೂ ಅದೇ ಜಾಣತನ. ಪರದೆಯ ಪ್ರತಿ ಕ್ಷೇತ್ರಕ್ಕೂ, ಅಂದರೆ ಬರೆಯುವ ಪ್ರತಿ ಜಾಗಕ್ಕೂ, ‘ಬದಲಾಗಿದೆ’ ಎಂಬ ಒಂದು ಬಿಟ್ ಗುರುತು ಇತ್ತು. ಎಂಟರ್ ಒತ್ತಿದಾಗ ಗುರುತು ಬಿದ್ದ ಕ್ಷೇತ್ರಗಳು ಮಾತ್ರ ಮೇನ್‌ಫ್ರೇಮ್‌ಗೆ ಹೋಗುತ್ತಿದ್ದವು. ಸ್ಥಾನದ ಜಾಗದಲ್ಲಿ ಐಡಿ ಎಂದು ಓದಿಕೊಂಡರೆ ಇದು ನಮ್ಮ ಸ್ಕೋರುಫಲಕದ ಕಥೆಯೇ.

ವೆಬ್ ಈ ಪಾಠವನ್ನು ತಡವಾಗಿ ಕಲಿಯಿತು. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5, ಪುಟ ಬಿಡದೆಯೇ ಸರ್ವರ್ ಜೊತೆ ಮಾತಾಡುವ ಸೌಲಭ್ಯ ತಂದಿತು. 2005ರಲ್ಲಿ ವಿನ್ಯಾಸಕ ಜೆಸ್ಸಿ ಜೇಮ್ಸ್ ಗ್ಯಾರೆಟ್ ಆ ಬಗೆಯ ಕೆಲಸಕ್ಕೆ ಅಜಾಕ್ಸ್ ಎಂದು ಹೆಸರಿಟ್ಟರು. ಪುಟವನ್ನು ಬ್ರೌಸರಿನಲ್ಲಿ ಕಟ್ಟುವ ಸಲಕರಣೆ ರಿಯಾಕ್ಟ್ 2013ರಲ್ಲಿ ಹೊರಬಂದು ಜನಪ್ರಿಯವಾದ ಮೇಲೆ ಗಾಳಿ ಬ್ರೌಸರಿನ ಕಡೆಗೇ ಬೀಸಿತು. 2020ರಲ್ಲಿ ಎಚ್‌ಟಿಎಂಎಕ್ಸ್ ಮತ್ತು ಹಾಟ್‌ವೈರ್ ಎಂಬ ಸಲಕರಣೆಗಳು ಬಂದ ಬಳಿಕ ಸಿದ್ಧ ತುಂಡು ಕಳಿಸುವ ದಾರಿಗೆ ಮತ್ತೆ ಮಾನ ಬಂದಿದೆ.

ಮುಖಪುಟಕ್ಕೆ ಈ ದಾರಿ ಹೇಳಿಮಾಡಿಸಿದಂತಿದೆ, ಏಕೆಂದರೆ ಅದರ ಭಾಗಗಳ ಆಯಸ್ಸು ಒಂದೇ ಅಲ್ಲ. ತಲೆಬರಹ ವರ್ಷಗಟ್ಟಲೆ ಹಾಗೇ ಇರುತ್ತದೆ, ಮುಖ್ಯ ಸುದ್ದಿ ಗಂಟೆಗೊಮ್ಮೆ ಬದಲಾಗುತ್ತದೆ, ಸ್ಕೋರು ನಿಮಿಷಕ್ಕೊಮ್ಮೆ. ‘ನಿಮಗೆ 3 ಸಂದೇಶಗಳಿವೆ’ ಎಂಬ ಸಾಲಂತೂ ಒಬ್ಬೊಬ್ಬರಿಗೆ ಒಂದೊಂದು. ಈ ಸಾಲನ್ನು ಪ್ರತ್ಯೇಕ ತುಂಡಾಗಿಸಿ ಆಮೇಲೆ ತರಿಸಿಕೊಂಡರೆ, ಉಳಿದ ಪುಟ ಎಲ್ಲರಿಗೂ ಒಂದೇ ಆಗುತ್ತದೆ. ಒಮ್ಮೆ ಕಟ್ಟಿ, ಮತ್ತೆ ಬಳಸಲು ನಕಲು ಉಳಿಸಿಡುವ ಕ್ಯಾಶ್‌ನಲ್ಲಿಟ್ಟು ಸಾವಿರ ಜನರಿಗೆ ಹಂಚಬಹುದು. ಸ್ಕ್ರಿಪ್ಟ್ ಬಾರದೇ ಹೋದರೂ ಕೊಂಡಿಗಳು ಸಾಮಾನ್ಯ ಕೊಂಡಿಗಳಂತೆ ಕೆಲಸ ಮಾಡುತ್ತವೆ.

ತುಂಡು ಬದಲಿಸುವಾಗ ಎಚ್ಚರವೂ ಬೇಕು. ಬದಲಾಗುವ ತುಂಡಿನೊಳಗೇ ಬರೆಯುವ ಪೆಟ್ಟಿಗೆಯಿದ್ದರೆ ಕರ್ಸರ್ ಸಮೇತ ಅದೂ ಮಾಯ. ಪೆಟ್ಟಿಗೆಯನ್ನು ತುಂಡಿನ ಹೊರಗಿಡುವುದು ಸುಲಭದ ದಾರಿ. ಇನ್ನೊಂದು ದಾರಿ ಮಾರ್ಫಿಂಗ್: ಹಳೆಯ ಮತ್ತು ಹೊಸ ಟ್ಯಾಗ್‌ಗಳನ್ನು ಒಂದೊಂದಾಗಿ ಹೋಲಿಸಿ, ವ್ಯತ್ಯಾಸವಿರುವುದನ್ನಷ್ಟೇ ತಿದ್ದಿ, ಉಳಿದದ್ದನ್ನು ಮುಟ್ಟದೆ ಬಿಡುವುದು.

ಕ್ಯಾಶ್‌ನ ತೊಡಕು ಇದಕ್ಕಿಂತ ಸೂಕ್ಷ್ಮ. ಒಮ್ಮೆ ನಾನು ಮುಖಪುಟದ ‘ಕ್ರೀಡೆ’ ವಿಭಾಗವನ್ನು ತುಂಡಾಗಿ ತರಿಸಿ, ಬ್ರೌಸರಿನ ಮೇಲ್ಭಾಗದ ವಿಳಾಸದ ಪೆಟ್ಟಿಗೆಯಲ್ಲೂ ಅದರ ವಿಳಾಸ ಕಾಣುವಂತೆ ಮಾಡಿದ್ದೆ. ಅದೇ ವಿಳಾಸವನ್ನು ಬ್ರೌಸರ್ ನೇರವಾಗಿ ಕೇಳಿದರೆ ಪೂರ್ಣ ಪುಟ, ಸ್ಕ್ರಿಪ್ಟ್ ತನ್ನ ಹೆಡರ್ (ಕೋರಿಕೆಯ ಜೊತೆ ಹೋಗುವ ಟಿಪ್ಪಣಿಯ ಸಾಲು) ಸೇರಿಸಿ ಕೇಳಿದರೆ ತುಂಡು. ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಆದರೆ ಬೇರೆ ತಾಣಕ್ಕೆ ಹೋದ ಓದುಗರು ‘ಹಿಂದಕ್ಕೆ’ ಒತ್ತಿ ಮರಳಿದಾಗ ಕಂಡದ್ದು ತಲೆಬರಹವಿಲ್ಲದ, ಬಣ್ಣವಿಲ್ಲದ, ಎಡಕ್ಕೆ ಅಂಟಿಕೊಂಡ ಬೆತ್ತಲೆ ಪಟ್ಟಿ! ಆ ವಿಳಾಸಕ್ಕೆಂದು ಬ್ರೌಸರ್ ಕ್ಯಾಶ್‌ನಲ್ಲಿ ಉಳಿಸಿಕೊಂಡಿದ್ದದ್ದು ತುಂಡನ್ನು. ಕೇಳಿದಾಗ ಅದನ್ನೇ ಪುಟವೆಂದು ತೋರಿಸಿತು, ಅದರ ತಪ್ಪೇನೂ ಇರಲಿಲ್ಲ. ಆ ಹೆಡರ್ ಇದ್ದರೆ ಒಂದು ಉತ್ತರ, ಇಲ್ಲದಿದ್ದರೆ ಇನ್ನೊಂದು ಎಂದು ಸರ್ವರ್ ತನ್ನ ಉತ್ತರದಲ್ಲೇ ತಿಳಿಸಬೇಕು. ಅದಕ್ಕೆಂದೇ ‘ವೇರಿ’ ಎಂಬ ಹೆಡರ್ ಇದೆ. ಆ ಒಂದು ಸಾಲು ಸೇರಿಸಿ, ಬೇರೆ ತಾಣಕ್ಕೆ ಹೋಗಿ, ‘ಹಿಂದಕ್ಕೆ’ ಒತ್ತಿದೆ. ತಲೆಬರಹ, ಸ್ಕೋರುಫಲಕ, ಕ್ರೀಡಾ ಸುದ್ದಿ, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು.