ಫೋನಿನಲ್ಲಿ ಹೇಳಿದರೆ ತಿಳಿಯುವ ಹೆಸರು

ಕಳೆದ ತಿಂಗಳು ನಮ್ಮ ಆಫೀಸಿಗೆ ಒಬ್ಬ ಹುಡುಗ ಬಂದ. ಬದಿಯಡ್ಕ ಕಡೆಯವನು, ಡಿಗ್ರಿ ಮುಗಿಸಿದ್ದಾನೆ. "ಅಣ್ಣಾ, ಅರುವತ್ತು ಡೊಮೇನ್ ಹೆಸರು ತೆಗೆದಿಟ್ಟಿದ್ದೇನೆ. ಒಂದಕ್ಕೂ ಗಿರಾಕಿ ಇಲ್ಲ. ಈಗ ರಿನ್ಯೂವಲ್ ಬಂತು" ಎಂದ. ಡೊಮೇನ್ ಎಂದರೆ ವೆಬ್‌ಸೈಟಿನ ವಿಳಾಸ. ಅದನ್ನು ಉಳಿಸಿಕೊಳ್ಳಲು ವರ್ಷವರ್ಷ ಕಟ್ಟುವ ದುಡ್ಡೇ ರಿನ್ಯೂವಲ್. ಅವನ ಪಟ್ಟಿಯಿಂದ ಹತ್ತು ಹೆಸರು ಆರಿಸಿದೆ. "ಹೊರಗೆ ಹೋಗಿ ಇವನ್ನು ಫೋನಿನಲ್ಲಿ ಹೇಳು, ನಾನು ಬರೆದುಕೊಳ್ಳುತ್ತೇನೆ" ಎಂದೆ. ಹತ್ತರಲ್ಲಿ ಎರಡನ್ನು ಮಾತ್ರ ಸರಿಯಾಗಿ ಬರೆಯಲು ನನಗೆ ಸಾಧ್ಯವಾಯಿತು.

ಕಾಸರಗೋಡಿನಲ್ಲಿ ವೆಬ್‌ಸೈಟ್ ಮಾಡಿಕೊಡುತ್ತಾ, ಜೊತೆಗೆ ಡೊಮೇನ್ ಕೊಂಡು ಮಾರುತ್ತಾ ಬಂದವನು ನಾನು. ನಾನು ಮೊದಲು ಮಾಡುವ ಪರೀಕ್ಷೆ ಇದೇ. ಕೇಳಿದವನಿಗೆ ಸ್ಪೆಲ್ಲಿಂಗ್ ಬಿಡಿಸಿ ಹೇಳಬೇಕಾದ ಹೆಸರನ್ನು ಯಾವ ವ್ಯಾಪಾರಿಯೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ.

ನಮ್ಮ ಕಡೆ ಈ ತೊಂದರೆ ಜಾಸ್ತಿ. ಒಂದೇ ಊರು ಕನ್ನಡದಲ್ಲಿ ಕುಂಬಳೆ, ಮಲಯಾಳದಲ್ಲಿ ಕುಂಬಳ, ಇಂಗ್ಲಿಷ್ ಬೋರ್ಡಿನಲ್ಲಿ ಕುಂಬ್ಲ. ನಮ್ಮ ಮಂಜೇಶ್ವರ ಅವರಿಗೆ ಮಂಜೇಶ್ವರಂ. ಕಾಸರಗೋಡು ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ನಡುವಿನ 'ಎ' ಬಿಡುವವರಿದ್ದಾರೆ, ಕೊನೆಗೆ ಒಂದು 'ಇ' ಸೇರಿಸುವವರೂ ಇದ್ದಾರೆ. ಹಾಗಾಗಿ ಊರಿನ ಹೆಸರಿರುವ ಡೊಮೇನ್ ಕೊಳ್ಳುವ ಮೊದಲು ನಾನು ಬಸ್ಸಿನ ಬೋರ್ಡು, ಅಂಗಡಿ ಬಿಲ್ಲು, ಮದುವೆ ಕಾಗದ ನೋಡುತ್ತೇನೆ. ಪುಸ್ತಕದಲ್ಲಿ ಯಾವುದು ಸರಿ ಎನ್ನುವುದು ಇಲ್ಲಿ ಮುಖ್ಯ ಅಲ್ಲ. ಜನರ ಬೆರಳು ಯಾವುದನ್ನು ಟೈಪ್ ಮಾಡುತ್ತದೆ ಎನ್ನುವುದು ಮುಖ್ಯ. ಕನ್ನಡ, ತುಳು, ಮಲಯಾಳ ಮೂರೂ ಕಿವಿಗೆ ಬಿದ್ದು ಬೆಳೆದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ದೂರದ ದೊಡ್ಡ ಪೇಟೆಯಲ್ಲಿ ಕುಳಿತು ಸಾವಿರ ಹೆಸರು ಕೊಳ್ಳುವವರಿಗೆ ಇದು ಗೊತ್ತಾಗುವುದಿಲ್ಲ. ನಮ್ಮ ನಿಜವಾದ ಬಂಡವಾಳ ಇದು.

ಒಂದು ಊರು, ಒಂದು ಕಸುಬು, ಹೀಗೆ ಎರಡೇ ಮಾತು ಸೇರಿಸಿದ ಒಂದು ಡಾಟ್ ಕಾಂ ಹೆಸರನ್ನು ಮೂರು ವರ್ಷ ಇಟ್ಟುಕೊಂಡಿದ್ದೆ. ಖರ್ಚು ಸುಮಾರು 3,000 ರೂಪಾಯಿ. ಬೇಕಲ ಕಡೆ ಹೋಂಸ್ಟೇ ಶುರು ಮಾಡಿದವರು 18,000ಕ್ಕೆ ಕೊಂಡರು. ಇದನ್ನು ಕೇಳಿದವರು ಹಾಕಿದ್ದರ ಆರು ಪಟ್ಟು ಬಂತು ಎನ್ನುತ್ತಾರೆ. ಆದರೆ ಆ ಮೂರು ವರ್ಷ ನನ್ನ ಹತ್ತಿರ ಇನ್ನೂ ಹದಿನಾಲ್ಕು ಹೆಸರು ಸುಮ್ನೆ ಕೂತಿದ್ದವು. ಅವುಗಳ ರಿನ್ಯೂವಲ್‌ಗೇ 42,000 ಹೋಗಿತ್ತು.

ಲೆಕ್ಕ ತಪ್ಪುವುದು ಇಲ್ಲೇ. ನಮ್ಮವರು ಚಾಲಿ ಅಡಿಕೆಯನ್ನು ಅಟ್ಟದಲ್ಲಿಟ್ಟು ರೇಟಿಗೆ ಕಾಯುತ್ತಾರೆ. ಹಳೆ ಅಡಿಕೆಗೆ ಬೆಲೆಯೂ ಹೆಚ್ಚು. ಡೊಮೇನ್ ಹಾಗಲ್ಲ. ಇಟ್ಟುಕೊಂಡ ಮಾತ್ರಕ್ಕೆ ಬೆಲೆ ಏರುವುದಿಲ್ಲ, ಮೇಲಿಂದ ವರ್ಷಕ್ಕೊಮ್ಮೆ ಹೆಸರೊಂದಕ್ಕೆ ಸುಮಾರು ಸಾವಿರ ರೂಪಾಯಿ ಕೇಳುತ್ತದೆ. ಅರುವತ್ತು ಹೆಸರಿಗೆ ವರ್ಷಕ್ಕೆ 60,000. ಅದರಲ್ಲಿ ಒಂದು ಹೆಸರು 40,000ಕ್ಕೆ ಹೋಯಿತು ಎನ್ನಿ. ಮಾರಾಟದ ತಾಣ ಶೇ 20 ಕಮಿಷನ್ ಹಿಡಿದರೆ ಕೈಗೆ 32,000. ಅಂದರೆ ನಷ್ಟ, ಅಲ್ವಾ? ನೂರು ಹೆಸರಿದ್ದರೆ ವರ್ಷಕ್ಕೆ ಒಂದೋ ಎರಡೋ ಹೋಗುವುದು ಈ ವ್ಯಾಪಾರದಲ್ಲಿ ಸಾಮಾನ್ಯ. 2019ರಲ್ಲಿ ವಾಯ್ಸ್ ಡಾಟ್ ಕಾಂ 3 ಕೋಟಿ ಡಾಲರ್‌ಗೆ ಮಾರಾಟವಾದದ್ದು ನಿಜ. ಆ ಸುದ್ದಿ ಓದಿ ಅಂಗಡಿ ಹಾಕಬೇಡಿ.

ಕೊನೆಗೆ ಡಾಟ್ ಕಾಂ ಬದಲು ಡಾಟ್ ಭಾರತ ಎಂದಿರುವ, ಪೂರ್ತಿ ಕನ್ನಡ ಅಕ್ಷರದ ಹೆಸರೂ ಸಿಗುತ್ತದೆ. ಭಾಷೆಯ ಪ್ರೀತಿಗೆ ಒಂದು ತೆಗೆದುಕೊಳ್ಳಿ, ಸಂತೋಷ. ಮಾರುವ ಲೆಕ್ಕದಲ್ಲಿ ನಾನು ಇನ್ನೂ ಕೊಳ್ಳುತ್ತಿಲ್ಲ.

ಇನ್ನು ನನಗೆ ತುಂಬಾ ನೋವಾಗುವ ಒಂದು ವಿಷಯ. ಇಲ್ಲಿನ ಒಂದು ಹಳೆಯ ಬಟ್ಟೆ ಅಂಗಡಿಯ ಡೊಮೇನ್ ಅಳಿಯನ ಇಮೇಲಿನಲ್ಲಿತ್ತು. ಅಳಿಯ ದುಬೈಗೆ ಹೋದ, ಇಮೇಲ್ ನೋಡುವುದು ಬಿಟ್ಟ. ಅವಧಿ ಮುಗಿದ ಡಾಟ್ ಕಾಂ ಕೂಡಲೇ ಕೈ ತಪ್ಪುವುದಿಲ್ಲ. ರಿಜಿಸ್ಟ್ರಾರ್, ಅಂದರೆ ಹೆಸರು ನೋಂದಾಯಿಸಿಕೊಡುವ ಕಂಪೆನಿ, 45 ದಿನದವರೆಗೆ ಅವಕಾಶ ಕೊಡಬಹುದು. ಆಮೇಲೆ 30 ದಿನದ ರಿಡೆಂಪ್ಷನ್, ಅಂದರೆ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಧಿ, ಆಗ ದಂಡ ಜಾಸ್ತಿ. ಕೊನೆಗೆ ಹೆಸರು ಅಳಿಸಿ ಹೋಗುವ ಮೊದಲಿನ 5 ದಿನ. ಅಷ್ಟೂ ದಿನ ಯಾರೂ ನೋಡಲಿಲ್ಲ. ಹೆಸರು ಬಿಡುಗಡೆಯಾದ ಕೂಡಲೇ ಯಾರೋ ಹಿಡಿದು ಒಂದು ಲಕ್ಷ ಕೇಳಿದರು. ಯಜಮಾನರು ನನ್ನೆದುರು ಕೂತು, "ಮೂವತ್ತು ವರ್ಷದ ಹೆಸರು ಮಾರಾಯ್ರೆ, ನಮ್ಮದೇ ಹೆಸರನ್ನು ನಾವು ಕೊಳ್ಳಬೇಕಾ?" ಎಂದರು.

ಇಂಥ ವ್ಯಾಪಾರ ನಾನು ಮಾಡುವುದಿಲ್ಲ, ಕಲಿಯಲು ಬರುವವರಿಗೂ ಬೇಡ ಎನ್ನುತ್ತೇನೆ. ಕಾನೂನೂ ಅದರ ಕಡೆಗಿಲ್ಲ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನ ಗುಣ ಇದೆ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಅದು ಸಿಫಿ ಮತ್ತು ಸಿಫ್ಫಿ ಎಂಬ ಎರಡು ಹೆಸರಿನ ಜಗಳ. ಫೋನಿನಲ್ಲಿ ಎರಡೂ ಒಂದೇ ಕೇಳಿಸುತ್ತದೆ, ಅಲ್ವಾ? ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿಯ ವಿವಾದ ನಿಯಮದಲ್ಲೂ, ದುರುದ್ದೇಶದಿಂದ ನೋಂದಾಯಿಸಿದ್ದು ಸಾಬೀತಾದರೆ ಹೆಸರು ಕೈ ಬಿಡುತ್ತದೆ. ಅಡಿಕೆ, ದೋಣಿ, ಹೋಂಸ್ಟೇ, ಊರಿನ ಹೆಸರು ಇಂಥ ಸಾಮಾನ್ಯ ಮಾತುಗಳಲ್ಲಿ ಕೆಲಸ ಮಾಡಿ. ಯಾರದ್ದೋ ಅಂಗಡಿಯ ಬೋರ್ಡಿಗೆ ಕೈ ಹಾಕಬೇಡಿ.

ಆ ಹುಡುಗ ಅರುವತ್ತರಲ್ಲಿ ಹನ್ನೊಂದನ್ನು ಉಳಿಸಿಕೊಂಡ. ಅದರಲ್ಲಿ ಒಂದಕ್ಕೆ ಮೊನ್ನೆ ಮಂಗಳೂರಿನಿಂದ ಫೋನ್ ಬಂತಂತೆ. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಹೆಸರನ್ನು ವರ್ಗಾಯಿಸಲು ಬೇಕಾಗುವ ಟ್ರಾನ್ಸ್‌ಫರ್ ಕೋಡ್ ಎಂದರೆ ಮನೆಯ ಬೀಗದ ಕೈ ಇದ್ದ ಹಾಗೆ. ವಾಟ್ಸಾಪಿನಲ್ಲಿ ಪೇಮೆಂಟಿನ ಸ್ಕ್ರೀನ್‌ಶಾಟ್ ಬಂತೆಂದು ಅದನ್ನು ಕಳಿಸಬಾರದು. ಮೊತ್ತ ದೊಡ್ಡದಾದರೆ ಇಬ್ಬರ ನಡುವೆ ಹಣ ಹಿಡಿದಿಡುವ ಎಸ್ಕ್ರೋ ಸೇವೆ ಬಳಸಿ. ಚಿಕ್ಕದಾದರೆ ಹಣ ನಿಮ್ಮ ಬ್ಯಾಂಕ್ ಖಾತೆಗೆ ಬಿದ್ದದ್ದನ್ನು ನೀವೇ ನೋಡಿ, ಆಮೇಲೆ ಕೋಡ್ ಕೊಡಿ. ಹೆಸರು ಕೊಂಡು 60 ದಿನ ಆಗಿಲ್ಲದಿದ್ದರೆ ಡಾಟ್ ಕಾಂ ಬೇರೆ ರಿಜಿಸ್ಟ್ರಾರ್‌ಗೆ ಹೋಗುವುದು ಕಷ್ಟ. ಅದನ್ನು ಗಿರಾಕಿಗೆ ಮೊದಲೇ ಹೇಳಿ, ಅದೇ ರಿಜಿಸ್ಟ್ರಾರ್ ಹತ್ತಿರ ಅವರದ್ದೊಂದು ಖಾತೆ ತೆರೆಸಿ, ಅಲ್ಲಿಗೆ ವರ್ಗಾಯಿಸಿ.